ಅಂಚಿಗೆ ಬರೆಯುವ ಸ್ಲೇಟು

೨೦೨೪, ನವೆಂಬರ್ ೨೧, ಗುರುವಾರ. ಬೆಳಗಿನ ಮಂಜು ಎಂಟು ಗಂಟೆಯಾದರೂ ತೆಂಗಿನ ಸುಳಿಗಳನ್ನು ಬಿಟ್ಟು ಇಳಿಯಲಿಲ್ಲ. ಆಮೇಲೆ ಎಳೆಬಿಸಿಲು ಬಂತು. ಮಧ್ಯಾಹ್ನಕ್ಕೆ ಒಣಗಾಳಿ ಎದ್ದಿತು. ಕೊಬ್ಬರಿ ಸಾಗಿಸುವುದಕ್ಕೆ ಹೇಳಿ ಮಾಡಿಸಿದಂಥ ದಿನ.

ಅನಿತಾ ಸಂಜೆ ಕಾಲೇಜಿನಿಂದ ಹೊನ್ನವಳ್ಳಿಯ ಮನೆಗೆ ಬಂದಾಗ ಹಿತ್ತಿಲ ಕೊಟ್ಟಿಗೆಯ ಅಟ್ಟ ಬರಿದಾಗಿತ್ತು. ವರ್ಷವೆಲ್ಲ ಅಲ್ಲಿ ಕೂತು ತಮ್ಮೊಳಗಿನ ನೀರನ್ನು ತಾವೇ ಕುಡಿದು ಒಣಗಿದ ಕಾಯಿಗಳನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಗೋಣಿಚೀಲಗಳಿಗೆ ತುಂಬಿ, ಬಾಯಿ ಹೊಲಿದು, ಗಂಡ ಕಲ್ಲೇಶ್ ತಿಪಟೂರಿನ ಮಂಡಿಗೆ ಕಳುಹಿಸಿ ಮುಗಿಸಿದ್ದ. ನೆಲವನ್ನು ಗುಡಿಸಿಯೂ ಆಗಿತ್ತು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಅಟ್ಟದ ಮೂಲೆಯನ್ನೇ ನೋಡುತ್ತ ನಿಂತಳು.

"ರೀ, ಆ ಮೂಲೇಲಿ ನನ್ನ ಚೀಲ ಇತ್ತಲ್ಲ?"

"ಯಾವ ಚೀಲ?"

"ನನ್ನ ಪೇಪರ್ ಚೀಲ ಕಣ್ರೀ. ಹೊಲ್ದಿಟ್ಟಿದ್ನಲ್ಲ."

ಕಲ್ಲೇಶ್ ಕೈಯಲ್ಲಿದ್ದ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟ. ಅತ್ತೆ ಚಿಕ್ಕಗೌರಮ್ಮ ಒಳಗಿನಿಂದಲೇ ಕೂಗಿದರು. "ಹೊಲ್ದಿರೋ ಚೀಲ ಎಲ್ಲಾನೂ ಆಟೋಗೆ ಏರ್ಸಿದ್ರಪ್ಪ. ಒಂದು ಚೀಲ ಹಗೂರ ಐತೆ ಅಂದ ಆಳು. ಚೆನ್ನಾಗಿ ಒಣಗೈತೆ ಕಣ್ಲಾ, ಏರ್ಸು ಅಂದೆ ನಾನೇಯ."

ತಪ್ಪು ಯಾರದೆಂದು ಹುಡುಕುವ ಅಗತ್ಯ ಅನಿತಾಳಿಗೆ ಇರಲಿಲ್ಲ. ಮನೆಯಲ್ಲಿ ತೇವ ತಾಕದ ಜಾಗವೆಂದರೆ ಕೊಬ್ಬರಿಯ ಅಟ್ಟ ಎಂದು ಕಾಗದಗಳನ್ನು ಅಲ್ಲಿ ಇಟ್ಟವಳು ಅವಳು. ಇಲಿ ನುಗ್ಗಬಾರದೆಂದು ದಬ್ಬಳದಲ್ಲಿ ಸಣಬಿನ ಹುರಿ ಪೋಣಿಸಿ, ಈ ಸೀಮೆಯಲ್ಲಿ ಕೊಬ್ಬರಿ ಚೀಲಕ್ಕೆ ಹಾಕುವ ಹೊಲಿಗೆಯನ್ನೇ ಹಾಕಿ ಬಾಯಿ ಮುಚ್ಚಿದವಳೂ ಅವಳೇ. ಹೊಲಿಗೆ ಅಷ್ಟು ಸರಿಯಾಗಿತ್ತು.

ಚೀಲದಲ್ಲಿದ್ದದ್ದು ಸಂಶೋಧನಾ ಪ್ರಬಂಧಗಳ ಪ್ರಿಂಟುಗಳು. ಕಂದಿಕೆರೆಯಲ್ಲಿ ಹುಟ್ಟಿ, ಎಂ.ಎಸ್ಸಿ. ಮಾಡಿ, ಮದುವೆಯಾಗಿ ಈ ಮನೆಗೆ ಬಂದು, ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತ ಬಂದ ಅನಿತಾ, ಮಗಳು ಶಿಲ್ಪ ಹಾಸನದಲ್ಲಿ ನರ್ಸಿಂಗ್ ಸೇರಿದ ವರ್ಷ ತಾನೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಳು. ಆಗ ಅವಳಿಗೆ ನಲವತ್ತು ದಾಟಿತ್ತು. ವಿಷಯವನ್ನು ದೂರ ಹುಡುಕಲಿಲ್ಲ. ತೆಂಗಿನ ಗರಿಯ ಹಸಿರನ್ನು ಕೆರೆದು ತಿಂದು ಮರವನ್ನು ಸುಟ್ಟ ಹಾಗೆ ಮಾಡುವ ಕಪ್ಪುತಲೆ ಹುಳ. ಓದುವಾಗ ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ಅವಳಿಗೆ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಪ್ರಬಂಧಗಳು ಇಂಗ್ಲಿಷಿನಲ್ಲಿ, ಬಲಗಡೆಯ ಅಂಚಿನಲ್ಲಿ ಅವಳ ಟಿಪ್ಪಣಿ ಕನ್ನಡದಲ್ಲಿ. ಯಾವುದನ್ನು ಒಪ್ಪಬೇಕು, ಯಾವುದನ್ನು ಅನುಮಾನಿಸಬೇಕು, ಯಾವುದು ತನ್ನ ಊರಿನ ತೋಟಕ್ಕೆ ಹೊಂದುವುದಿಲ್ಲ ಎಂಬುದೆಲ್ಲ ಆ ಅಂಚಿನಲ್ಲಿತ್ತು. ಮಾರ್ಗದರ್ಶಕರಾದ ಗಂಗಾಧರಯ್ಯನವರು ಖಚಿತವಾಗಿ ಹೇಳಿದ್ದರು: ಸಂಕ್ರಾಂತಿಯೊಳಗೆ ಹಿಂದಿನ ಸಂಶೋಧನೆಗಳನ್ನು ಪರಿಶೀಲಿಸುವ ಸಾಹಿತ್ಯಾವಲೋಕನದ ಅಧ್ಯಾಯ ಕೈಗೆ ಬರದಿದ್ದರೆ ಅವಧಿ ವಿಸ್ತರಣೆ ಇನ್ನು ಸಿಗುವುದಿಲ್ಲ, ನೋಂದಣಿ ರದ್ದಾಗುತ್ತದೆ.

ಕಲ್ಲೇಶನ ಮೊಬೈಲ್ ಆ ಹೊತ್ತಿಗೇ ಮೊಳಗಿತು. ಮಂಡಿಯ ಬಸವರಾಜಪ್ಪ. ಕಲ್ಲೇಶ್ ಸ್ಪೀಕರ್ ಹಾಕಿದ.

"ಏನ್ ಕಲ್ಲೇಶಪ್ಪ, ಕೊಬ್ಬರಿ ಕಳ್ಸೋ ಅಂದ್ರೆ ಪರೀಕ್ಷೆ ಪೇಪರ್ ಕಳ್ಸಿದೀಯಲ್ಲಪ್ಪ! ಹಮಾಲಿ ಚೀಲ ಬಿಚ್ಚಿ ಹೆದರ್ಕೊಂಡವ್ನೆ. ಒಳಗೆಲ್ಲ ಹುಳದ ಚಿತ್ರ."

"ಅದು ನಮ್ಮನೇವ್ಳದ್ದು ಕಣ್ರೀ. ಹುಷಾರಾಗಿ ಎತ್ತಿಡಿ, ಬತ್ತೀನಿ."

"ಒಳಗಿನ ರೂಮಲ್ಲಿ ಬೆಂಚ್ ಕೆಳಗೆ ಇಡಿಸಿವ್ನಿ, ಯೋಚ್ನೆ ಬುಡು. ಹುಳ ಇರೋದು ಪೇಪರ್ನಾಗೆ ತಾನೆ? ಕೊಬ್ಬರೀಲಿ ಇಲ್ಲ ಅಲ್ವಾ?"

ಎಲ್ಲರೂ ನಕ್ಕರು. ಅನಿತಾ ಆಗ ಬ್ಯಾಗನ್ನು ಕೆಳಗಿಟ್ಟಳು.

ಶನಿವಾರ ಕಲ್ಲೇಶ್ ಚೀಲವನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಂದ. ತಂದವನು ಅದನ್ನು ಅವಳ ಕೈಗೆ ಕೊಡದೆ, ಕೊಟ್ಟಿಗೆಯ ನೆಲದ ಮೇಲಿಟ್ಟು ಪಕ್ಕದಲ್ಲಿ ನಿಂತ. ಚೀಲದ ಒಂದು ಮಗ್ಗುಲು ಕಪ್ಪಗೆ ಹೊಳೆಯುತ್ತಿತ್ತು. ಬಸವರಾಜಪ್ಪ ಭದ್ರವಾಗಿರಲಿ ಎಂದೇ ಬೆಂಚಿನ ಕೆಳಗೆ ಇಡಿಸಿದ್ದರು. ಬೆಂಚಿನ ಮೇಲೆ ಅವರು ತಮ್ಮ ಮನೆಗೆಂದು ಗಾಣದಿಂದ ತರಿಸಿದ ಕೊಬ್ಬರಿ ಎಣ್ಣೆಯ ಡಬ್ಬವಿತ್ತು. ಡಬ್ಬದ ತಳದಲ್ಲಿ ಸೂಜಿಮೊನೆಯಷ್ಟು ತೂತಿತ್ತು.

ಚೀಲದ ಬಾಯಿ ಬಿಡಿಸಿ ಒಂದೊಂದೇ ಕಟ್ಟನ್ನು ಹೊರಗೆ ತೆಗೆದರು. ಎಣ್ಣೆ ಕುಡಿದ ಹಾಳೆಗಳು ಜೇನಿನ ಬಣ್ಣಕ್ಕೆ ತಿರುಗಿ, ಗಾಜಿನ ಹಾಗೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲು ಕಾಣುವಂತಾಗಿದ್ದವು. ಮುಂದಿನ ಪುಟದ ಸಾಲುಗಳಲ್ಲಿ ಹಿಂದಿನ ಪುಟದ ಸಾಲುಗಳು ಹೆಣೆದುಕೊಂಡು ಒಂದು ಶಬ್ದವೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಅನಿತಾ ಹತ್ತಾರು ಹಾಳೆಗಳನ್ನು ಮಗುಚಿ ನೋಡಿ ಕೈ ಒರೆಸಿಕೊಂಡಳು.

"ಹೋಯ್ತು ಬಿಡಿ. ಓದು ಇಲ್ಲಿಗೇ ಸಾಕು ಅಂತ ಹೇಳೋ ರೀತಿ ಇದು."

"ಯಾರು ಹೇಳಿದ್ದು? ಎಣ್ಣೆ ಡಬ್ಬಾನಾ?"

ಅವಳು ನಗಲಿಲ್ಲ. ಒಳಗೆ ಹೋಗಿ ಮೊಬೈಲಿನಲ್ಲಿ ಗಂಗಾಧರಯ್ಯನವರಿಗೆ ಒಂದು ಸಂದೇಶ ಬರೆದಳು: ಸರ್, ಮನೆಯ ಪರಿಸ್ಥಿತಿಯಿಂದಾಗಿ ಸಂಶೋಧನೆಯನ್ನು ಮುಂದುವರಿಸುವುದು ನನ್ನಿಂದ ಆಗದು, ಕ್ಷಮಿಸಬೇಕು. ಕಳುಹಿಸುವ ಗುಂಡಿಯನ್ನು ಒತ್ತಲಿಲ್ಲ; ಅಳಿಸಲೂ ಇಲ್ಲ. ಅಡುಗೆಗೆ ಇಟ್ಟಳು.

ಕಲ್ಲೇಶ್ ಕೊಟ್ಟಿಗೆಯಲ್ಲೇ ಉಳಿದ. ಪಿಯುಸಿವರೆಗೆ ಓದಿ ತೋಟಕ್ಕೆ ಇಳಿದವನಿಗೆ ಆ ಇಂಗ್ಲಿಷ್ ಎಂದೂ ಬೇಕಾಗಿರಲಿಲ್ಲ. ಹೆಂಡತಿಯ ಪ್ರಬಂಧಗಳನ್ನು ಅವನು ಇದುವರೆಗೆ ಮುಟ್ಟಿದ್ದರೆ ಅದು ಜರುಗಿಸಿ ಊಟಕ್ಕೆ ಕೂರಲು ಮಾತ್ರ. ಈಗ ಒಂದು ಹಾಳೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಮಧ್ಯದ ಮುದ್ರಣ ಗೋಜಲಾಗಿತ್ತು. ಬಲಗಡೆಯ ಅಂಚಿನಲ್ಲಿ ಮಾತ್ರ ಪೆನ್ಸಿಲಿನ ಕನ್ನಡ ಅಕ್ಷರಗಳು ಒಂದಕ್ಕೊಂದು ತಾಗದೆ ನಿಂತಿದ್ದವು. ಹಾಳೆ ತಿರುಗಿಸಿದ, ಅಲ್ಲೂ ಬಲಗಡೆಯಲ್ಲೇ ಬರಹ. ಎರಡೂ ಪುಟಗಳಲ್ಲಿ ಬಲಕ್ಕೇ ಬರೆದದ್ದರಿಂದ ಒಂದರ ಬರಹ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ಅವನು ಓದತೊಡಗಿದ.

ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಾಗ ಅವನ ದನಿ ಸ್ವಲ್ಪ ಬೇರೆಯಾಗಿತ್ತು.

"ಲೇ ಅನಿತಾ, ಇಂಗ್ಲಿಷ್ ಓದಿ ಕನ್ನಡದಾಗೆ ಬರೀತಿದ್ದಾ ನೀನು?"

"ಹೂಂ. ಯಾಕೆ?"

"ಅದೆಲ್ಲ ಹಂಗೇ ಐತೆ ಕಣೇ. ಈ ಹುಳದ ಪೇಪರ್ ನೆಟ್ಟಲ್ಲಿ ಇನ್ನೊಂದು ಸಲ ಸಿಗಲ್ವಾ?"

"ಅದು ಸಿಕ್ಕೇ ಸಿಗುತ್ತೆ. ನನ್ನ ಮೇಲ್‌ನಲ್ಲೇ ಇದೆ. ಟಿಪ್ಪಣಿ ಹೋಯ್ತಲ್ಲ ಅಂತ."

"ಟಿಪ್ಪಣಿ ಇಲ್ಲೈತೆ ಅಂತಿದೀನಿ ನಾನು!"

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಬಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಾರು ಉಕ್ಕಿದ್ದನ್ನು ಚಿಕ್ಕಗೌರಮ್ಮನವರೇ ಇಳಿಸಬೇಕಾಯಿತು.

ಇನ್ನೊಮ್ಮೆ ಅಷ್ಟನ್ನೂ ಪ್ರಿಂಟು ಹಾಕಿಸಿ, ಇನ್ನೊಮ್ಮೆ ಗೋಣಿಚೀಲ ಹೊಲಿಯುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಟ್ಯಾಬ್ ಕೊಳ್ಳೋಣವೆಂದು ಕಲ್ಲೇಶ್ ಹಿಂದೆಯೇ ಹೇಳಿದ್ದ. ಮೊಬೈಲಿದೆಯಲ್ಲ ಎಂದು ಅವಳೇ ತಳ್ಳಿಹಾಕಿದ್ದಳು. ಆದರೆ ಎರಡು ಅಂಕಣಗಳ ಪ್ರಬಂಧವನ್ನು ಮೊಬೈಲಿನಲ್ಲಿ ಓದುವುದೆಂದರೆ ಒಂದೇ ತೆಂಗಿನ ಮರವನ್ನು ಹತ್ತಿ ಇಳಿದು, ಮತ್ತೆ ಅದನ್ನೇ ಹತ್ತಿದ ಹಾಗೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಓಡಿಹೋಗುತ್ತಿತ್ತು. ಸಾಲು ಹಿಡಿದರೆ ಅಕ್ಷರ ಕಾಣುತ್ತಿರಲಿಲ್ಲ. ಅಂಚಿನಲ್ಲಿ ಬರೆಯುವುದಂತೂ ದೂರದ ಮಾತು.

ಭಾನುವಾರ ತಿಪಟೂರಿಗೆ ಹೊರಟರು. ಬರುವಾಗ ಗಾಜಿನ ಸಾಮಾನು ಇರುತ್ತದೆ, ಬೈಕು ಬೇಡ, ಬಸ್ಸಿನಲ್ಲೇ ಹೋಗೋಣ ಎಂದವನು ಕಲ್ಲೇಶನೇ.

ಅಂಗಡಿ ಜ್ಞಾನೇಶನದು. ಒಂದು ಕಾಲಕ್ಕೆ ಅನಿತಾಳ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದವನು. ಈಗ ಕೌಂಟರಿನ ಹಿಂದೆ ಎದ್ದು ನಿಂತ.

"ಬನ್ನಿ ಮೇಡಮ್! ನನ್ನ ರೆಕಾರ್ಡ್ ಬುಕ್ ಎರಡು ಸಲ ವಾಪಸ್ ಕಳ್ಸಿದ್ರಿ, ಜ್ಞಾಪಕ ಐತಾ?"

"ಮೂರನೇ ಸಲಾನೂ ಕಳಿಸ್ಬೇಕಿತ್ತು. ಕಪ್ಪೆಗೆ ಐದು ಕಾಲು ಬರೆದಿದ್ದೆ ನೀನು."

"ಅದ್ರಾಗೆ ಒಂದು ಬಾಲ ಮೇಡಮ್. ಬೆಳೀತಿರೋ ಕಪ್ಪೆ."

ತನಗೆ ಬೇಕಾದದ್ದನ್ನು ಅವಳು ನೇರವಾಗಿ ಹೇಳಿದಳು. ಸಿನಿಮಾ ನೋಡುವುದಿಲ್ಲ, ಆಟ ಆಡುವುದಿಲ್ಲ. ಪ್ರಬಂಧದ ಪೂರ್ತಿ ಪುಟ ಒಮ್ಮೆಗೇ ಕಾಣಬೇಕು. ಅಂಚಿನಲ್ಲಿ ಕೈಬರಹದಲ್ಲಿ ಬರೆಯಲು ಆಗಬೇಕು. ಬರೆದದ್ದು ಆ ಫೈಲಿನಲ್ಲೇ ಉಳಿದು ಮಾರ್ಗದರ್ಶಕರಿಗೆ ಕಳುಹಿಸುವ ಹಾಗಿರಬೇಕು. ಇಪ್ಪತ್ತು ಸಾವಿರ ದಾಟಬಾರದು.

ಜ್ಞಾನೇಶ್ ಮೂರನ್ನು ತೆಗೆದಿಟ್ಟ. ಕಲ್ಲೇಶ್ ಮೊದಲನೆಯದನ್ನು ಎತ್ತಿಕೊಂಡು, ಯಾವ ಯೋಚನೆಯೂ ಇಲ್ಲದೆ, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದ. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೇ ಎಂದು ಕೇಳುವ, ಇಷ್ಟು ವರ್ಷಗಳ ಕೈಯ ಅಭ್ಯಾಸ ಅದು.

"ಅಣ್ಣ, ಅದ್ರಾಗೆ ಏನಾದ್ರೂ ಗುಡುಗುಡು ಅಂದ್ರೆ ನಾನೇ ವಾಪಸ್ ತಗೋತೀನಿ," ಎಂದ ಜ್ಞಾನೇಶ್.

ಅನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಚೀಲ ಬಿಚ್ಚಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಲ್ಲೇಶ್ ಅದನ್ನು ಗಮನಿಸಿ, ಎರಡನೆಯದನ್ನು ಬೇಕೆಂದೇ ಅಲ್ಲಾಡಿಸಿದ.

ಮೊದಲನೆಯದು ಎಂಟು ಇಂಚಿನದು, ಅಗ್ಗ. ಅದರಲ್ಲಿ ಅವಳು ತನ್ನ ಒಂದು ಪ್ರಬಂಧವನ್ನೇ ತೆರೆದು ನೋಡಿದಳು. ಪುಟವೇನೋ ಕಂಡಿತು, ಅಂಕಿಅಂಶದ ಕೋಷ್ಟಕಕ್ಕೆ ಬಂದಾಗ ಇರುವೆ ಸಾಲು. ಅದಕ್ಕೆ ಸರಿಯಾದ ಪೆನ್ನೂ ಇರಲಿಲ್ಲ. ರಬ್ಬರ್ ತುದಿಯ ಕಡ್ಡಿಯೊಂದನ್ನು ಜ್ಞಾನೇಶ್ ಕೊಟ್ಟ. ಬರೆಯಲೆಂದು ಅಂಗೈ ಊರಿದ ಕೂಡಲೇ ಪುಟ ಎಗರಿ ಹೋಯಿತು.

ಎರಡನೆಯದು ದೊಡ್ಡ ಕಂಪನಿಯದು, ಒಬ್ಬರು ಬಳಸಿ ಬಿಟ್ಟದ್ದು. ಪರದೆ ಕೆರೆಯ ನೀರಿನ ಹಾಗೆ ತಿಳಿಯಾಗಿತ್ತು. ಕಲ್ಲೇಶನಿಗೆ ಅದೇ ಹಿಡಿಸಿತು.

"ಇದ್ರ ಪೆನ್ನು?" ಎಂದಳು ಅನಿತಾ.

"ಪೆನ್ನು ಬೇರೆ ತಗೋಬೇಕು ಮೇಡಮ್. ಎಂಟು ಸಾವಿರ ಆಗುತ್ತೆ."

"ಎಂಟು ಸಾವ್ರದ ಪೆನ್ನಾ?" ಕಲ್ಲೇಶ್ ಟ್ಯಾಬನ್ನು ಮೆಲ್ಲಗೆ ಕೆಳಗಿಟ್ಟ. "ಅದ್ರಾಗೆ ಬರೆದ್ರೆ ಪ್ರಬಂಧ ತಾನೇ ಬರ್ಕೊಳ್ತದಾ?"

ಮೂರನೆಯದು ಹೊಸದು, ಹನ್ನೊಂದು ಇಂಚಿನದು. ತುಸು ಭಾರ, ಪರದೆ ಎರಡನೆಯದರಷ್ಟು ತಿಳಿಯಾಗಿಲ್ಲ. ಪೆನ್ನು ಡಬ್ಬದಲ್ಲೇ ಇತ್ತು. ಕಲ್ಲೇಶ್ ತೋರುಬೆರಳಿನಿಂದ ಪುಟ ತಿರುಗಿಸಲು ನೋಡಿದ. ಪುಟ ಅಲುಗಲಿಲ್ಲ. ಇನ್ನೊಂದು ಸಲ ಒತ್ತಿ ನೋಡಿದ, ಇಲ್ಲ. ಸುಲಿದ ಕಾಯಿಗಳ ನಾರು ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ಚಿಪ್ಪಿನಂತಾಗಿದ್ದವು.

"ನನ್ನ ಕೈಗೆ ಇದು ಮಾತೇ ಆಡಲ್ಲ ಬುಡು," ಎಂದು ನಕ್ಕ. ಆ ನಗುವಿನಲ್ಲಿ ಒಂದಿಷ್ಟು ಸಂಕೋಚವಿತ್ತು.

ಅನಿತಾ ಪೆನ್ನನ್ನು ಅವನ ಕೈಯಲ್ಲಿಟ್ಟಳು. "ಇದ್ರಲ್ಲಿ ಮುಟ್ಟಿ ನೋಡಿ."

ಪೆನ್ನಿನ ತುದಿ ತಾಕಿದ್ದೇ ತಡ, ಪುಟ ತಿರುಗಿತು. ಅವನು ಅಂಗೈಯನ್ನು ಪರದೆಯ ಮೇಲೆ ಊರಿಕೊಂಡೇ, ಶಾಲೆಯ ಹುಡುಗನಂತೆ ನಾಲಿಗೆ ಕಚ್ಚಿ, ಖಾಲಿ ಅಂಚಿನಲ್ಲಿ ಅ-ನಿ-ತಾ ಎಂದು ಬರೆದ. ಪುಟ ಎಗರಲಿಲ್ಲ. ಕೊನೆಯ ದೀರ್ಘವನ್ನು ಸ್ವಲ್ಪ ಉದ್ದಕ್ಕೇ ಎಳೆದಿದ್ದ.

"ಇದೇ," ಎಂದಳು ಅವಳು.

"ತಡಿ, ಹೊರಗೆ ನೋಡಾನ. ಟ್ಯೂಬ್‌ಲೈಟಲ್ಲಿ ಯಾವನೂ ಕೊಬ್ಬರಿ ತಗಳಲ್ಲ."

ಮೆಟ್ಟಿಲ ಬಿಸಿಲಿಗೆ ತಂದಾಗ ಅದು ಕನ್ನಡಿಯಾಯಿತು. ಪ್ರಬಂಧದ ಬದಲು ಇಬ್ಬರ ಮುಖಗಳು ಕಂಡವು. ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದರು. ನೆರಳಿಗೆ ಸರಿದಾಗ ಅಕ್ಷರ ಮೂಡಿತು. ಹೊಳಪಿಲ್ಲದ ಹಾಳೆಯೊಂದನ್ನು ಅಂಟಿಸಿದರೆ ಬಿಸಿಲಿಗೂ ತಕ್ಕಮಟ್ಟಿಗೆ ನಡೆಯುತ್ತದೆ, ಬರೆಯುವಾಗ ಕಾಗದದ ಹಾಗೆ ಕೈಗೆ ಹಿಡಿತವೂ ಸಿಗುತ್ತದೆ ಎಂದ ಜ್ಞಾನೇಶ್. ಅದನ್ನೂ ಹಾಕಿಸಿದರು. ಟಿಪ್ಪಣಿ ಬರೆಯುವ ಉಚಿತ ಆ್ಯಪ್ ಒಂದನ್ನು ಹಾಕಿಕೊಟ್ಟು, ಬರೆದ ಪುಟವನ್ನು ಮೇಲ್‌ನಲ್ಲಿ ಕಳುಹಿಸುವುದನ್ನೂ ತೋರಿಸಿದ. ಪೆನ್ನಿಗೆ ಚಾರ್ಜು ಬೇಕೇ ಎಂದು ಅನಿತಾ ಕೇಳಿದಳು. ಬೇಡವೆಂದಾಗ ಸಮಾಧಾನವಾಯಿತು. ಕರೆಂಟ್ ಹೋಗಿ ಬರುವ ಊರಿನಲ್ಲಿ ಕಾಯಬೇಕಾದದ್ದು ಒಂದೇ ಇದ್ದರೆ ಒಳ್ಳೆಯದು.

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡವನು ಕಲ್ಲೇಶ್. ಅವಳು ಕೇಳಿದರೂ ಕೊಡಲಿಲ್ಲ.

ಮನೆಯಲ್ಲಿ ಚಿಕ್ಕಗೌರಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸ್ಲೇಟು ಕಣವ್ವ ಇದು. ನಾನೂ ಎರಡನೇ ಕ್ಲಾಸ್‌ವರೆಗೂ ಇದ್ರಾಗೇ ಬರ್ದಿದ್ದು. ಎಂಜಲು ಹಚ್ಚಿ ಒರೆಸ್ಬ್ಯಾಡ ಮತ್ತೆ." ಆಮೇಲೆ ಸೊಸೆಯ ಕೈಗೆ ಕೊಡುತ್ತ, "ಇನ್ಮೇಲಾದ್ರೂ ಅಟ್ಟದ ಮ್ಯಾಲೆ ಇಡಬ್ಯಾಡ. ನಾನು ಮತ್ತೆ ಏರ್ಸಿ ಬುಡ್ತೀನಿ," ಎಂದರು. ಗುರುವಾರದ ಬಗ್ಗೆ ಅವರು ಮತ್ತೆ ಬಾಯಿ ಬಿಟ್ಟದ್ದು ಅಷ್ಟೇ.

ಮಧ್ಯಾಹ್ನದ ಊಟವಾದ ಮೇಲೆ ಗಂಡ ಹೆಂಡತಿ ಕೊಟ್ಟಿಗೆಯ ನೆರಳಿನಲ್ಲಿ ಚಾಪೆ ಹಾಸಿ ಕೂತರು. ಅವಳ ತೊಡೆಯ ಮೇಲೆ ಟ್ಯಾಬು. ಅದರಲ್ಲಿ ಮೇಲ್‌ನಿಂದ ಮತ್ತೆ ಇಳಿಸಿಕೊಂಡ ಪ್ರಬಂಧ. ಅವನ ಕೈಯಲ್ಲಿ ಎಣ್ಣೆಯ ಹಾಳೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಅಂಚನ್ನು ಓದುವುದು, ಅವಳು ಅದೇ ಜಾಗದಲ್ಲಿ ಬರೆಯುವುದು. ಮೊದಮೊದಲು ಅಕ್ಷರ ಜಾರಿತು. ಅರ್ಧ ಪುಟ ಕಳೆಯುವಷ್ಟರಲ್ಲಿ ಅವಳ ಎಂದಿನ ಕೈಬರಹ ಬಂತು.

"'ಈ ಲೆಕ್ಕ ಕರಾವಳಿಯ ತೋಟದ್ದು. ನಮ್ಮ ಒಣಹವೆಗೆ ಹೊಂದದು.' ಬರ್ಕೊಂಡ್ಯಾ?"

"ಬರ್ಕೊಂಡೆ. ಮುಂದೆ."

"'ಗ್ಯಾಸ್ ಬುಕ್ ಮಾಡುವುದು.' ಇದೂ ಬರೀಬೇಕಾ?"

"ಬೇಡ ರೀ!"

"ಯಾಕೆ, ಗ್ಯಾಸ್‌ಗೂ ಹುಳಕ್ಕೂ ಸಂಬಂಧ ಇರಬೌದು. ನಿಮ್ ಮೇಷ್ಟ್ರು ಮೆಚ್ಕೋತಾರೆ."

ಒಂದೊಂದೇ ಹಾಳೆ ಸರಿಯಿತು. ಕಲ್ಲೇಶ್ ಒಂದು ಕಡೆ ಓದು ನಿಲ್ಲಿಸಿದ. ಅವಳು ಪೆನ್ನೆತ್ತಿ ಕಾದಳು.

"ಏನು, ಎಣ್ಣೆ ಜಾಸ್ತಿ ಆಗಿದೆಯಾ?"

"ಇಲ್ಲ." ಅವನು ನಿಧಾನವಾಗಿ ಓದಿದ. "'ಹೂವಿನ ಗಿಡ ಪಕ್ಕದಲ್ಲಿದ್ದರೆ ಹುಳವನ್ನು ಕೊಲ್ಲುವ ಕಣಜ ಹೆಚ್ಚು ದಿನ ಬದುಕುತ್ತದಂತೆ. ಬದುವಿನ ಪಕ್ಕ ಅಲಸಂದೆ ಬಿತ್ತಿದ್ದ ವರ್ಷ ನಮ್ಮ ಆ ಸಾಲಿನಲ್ಲಿ ಹುಳ ಕಡಿಮೆ ಇತ್ತೇ? ಕಲ್ಲೇಶ್‌ರನ್ನು ಕೇಳು.'"

ಅನಿತಾ ಪೆನ್ನನ್ನು ಟ್ಯಾಬಿನ ಮೇಲಿಟ್ಟಳು.

"ಹಿಂದಿನ ಹಾಳೇಲೂ ಹಿಂಗೇ ಇತ್ತು. ನಿನ್ನೆ ನೋಡಿದ್ರಾಗೂ ಇತ್ತು. ಕಲ್ಲೇಶ್‌ರನ್ನು ಕೇಳು, ಕಲ್ಲೇಶ್‌ರನ್ನು ಕೇಳು. ಯಾವತ್ತೂ ಕೇಳ್ಲೇ ಇಲ್ವಲ್ಲೇ ನೀನು?"

"ನೀವು ತೋಟದಿಂದ ಬರೋ ಹೊತ್ತಿಗೆ ನಾನು ಅಡುಗೇಲಿ ಇರ್ತಿದ್ದೆ. ನಾನು ಓದೋಕೆ ಕೂತ್ರೆ ನೀವು ಮಲಗಿರ್ತಿದ್ರಿ. ಬೆಳಿಗ್ಗೆ ಕೇಳೋಣ ಅಂತ ಬರೆದಿಡ್ತಿದ್ದೆ. ಬೆಳಿಗ್ಗೆ ಕಾಲೇಜು."

"ಈಗ ಕೇಳು ಮತ್ತೆ."

ಅವಳು ಬೆನ್ನು ನೇರ ಮಾಡಿ, ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದಳು. "ಅಲಸಂದೆ ಬಿತ್ತಿದ್ದ ವರ್ಷ ಆ ಸಾಲಲ್ಲಿ ಹುಳ ಕಡಿಮೆ ಇತ್ತಾ?"

ಕಲ್ಲೇಶ್ ಬಹಳ ಹೊತ್ತು ತೋಟದ ಕಡೆ ನೋಡಿದ. ಸರಿಯಾಗಿ ಉತ್ತರ ಹೇಳಬೇಕೆಂಬ ಆಸೆ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ಕೊನೆಗೆ ತಲೆಯಾಡಿಸಿದ.

"ಜ್ಞಾಪಕ ಇಲ್ಲ ಕಣೇ. ಆ ವರ್ಷ ಮೋಟ್ರು ಸುಟ್ಟೋಗಿತ್ತು, ಅದೊಂದೇ ಜ್ಞಾಪಕ. ಸುಳ್ಳು ಹೇಳ್ಬೌದು, ನೀನು ಬರ್ಕೊಂಡು ಬುಡ್ತೀಯ." ಆಮೇಲೆ ಕೈ ಚಾಚಿ, "ಪೆನ್ ಕೊಡಿಲ್ಲಿ," ಎಂದ.

ಪೆನ್ನು ಹಿಡಿದು ಅಂಚಿನಲ್ಲಿ ನಾಲ್ಕು ಗೆರೆ ಎಳೆದ. ಅವು ಮರದ ಸಾಲುಗಳು. ಒಂದು ಪಕ್ಕಕ್ಕೆ ಬದು. ಎರಡು ಸಾಲಿನ ನಡುವೆ ಚುಕ್ಕೆಗಳನ್ನಿಟ್ಟ. "ಡ್ರಿಪ್ ನೀರೈತೆ. ಈ ಎರಡು ಸಾಲಿಗೆ ಅಲಸಂದೆ ಹಾಕಾನ, ಆ ಎರಡನ್ನ ಹಂಗೇ ಬುಡಾನ. ಬೇಸಿಗೇಲಿ ಹುಳ ಬತ್ತದಲ್ಲ, ಆವಾಗ ನೋಡಾನ. ಸಂಕ್ರಾಂತಿಗೆ ಇದು ಆಗಲ್ಲ. ಆಮೇಲಿನ ಅಧ್ಯಾಯ ಅಂತ ಇರ್ತದಲ್ಲ?"

"ಇರುತ್ತೆ," ಎಂದಳು ಅನಿತಾ. ಅವಳ ದನಿ ಒಂದಿಷ್ಟು ಕೆಳಗಿಳಿದಿತ್ತು.

ಅವಳು ಪೆನ್ನು ವಾಪಸ್ ತೆಗೆದುಕೊಂಡು, ಕಲ್ಲೇಶ್‌ರನ್ನು ಕೇಳು ಎಂದು ಮೊದಲಿದ್ದಂತೆಯೇ ಬರೆದು, ಅದರ ಕೆಳಗೆ ಹೊಸದಾಗಿ ಸೇರಿಸಿದಳು: ಕೇಳಿದೆ. ಅವರಿಗೂ ಜ್ಞಾಪಕವಿಲ್ಲ. ಈ ಬೇಸಿಗೆಯಲ್ಲಿ ಇಬ್ಬರೂ ನೋಡುವುದು. ಆಮೇಲೆ ಮೊಬೈಲ್ ತೆಗೆದು, ಶನಿವಾರ ಬರೆದು ಕಳುಹಿಸದೆ ಬಿಟ್ಟಿದ್ದ ಸಂದೇಶವನ್ನು ಅಳಿಸಿದಳು.

"ಮುಂದೆ ಓದ್ರಿ," ಎಂದಳು.

ಆ ಭಾನುವಾರದ ಖರ್ಚು: ಪೆನ್ನೂ ಸೇರಿ ಟ್ಯಾಬಿಗೆ ೧೭,೫೦೦ ರೂಪಾಯಿ. ಹೊಳಪಿಲ್ಲದ ಹಾಳೆ ೩೫೦. ಕವರ್ ೪೫೦. ಬಸ್ಸಿಗೆ ಹೋಗಿಬರಲು ಕಲ್ಲೇಶನದು ೪೦, ಅನಿತಾಳದು ಉಚಿತ. ಇಬ್ಬರಿಗೂ ತಟ್ಟೆ ಇಡ್ಲಿ, ಕಾಫಿ ೯೦. ಒಟ್ಟು ೧೮,೪೩೦. ಅಲಸಂದೆ ಬೀಜ ಅತ್ತೆಯ ಮಡಕೆಯದು, ಅದಕ್ಕೆ ಖರ್ಚಿಲ್ಲ.